ಮೊಳೆಯ ಮೇಲಿನ ಕಂಬಳಿ

ಓಬಳಪ್ಪನ ಕಿವಿಯ ವಿಷಯ ಮೊದಲು ಹೇಳಿಬಿಡಬೇಕು. ಅವನಿಗೆ ಅನ್ನ ಕೊಟ್ಟಿದ್ದೂ ಆ ಕಿವಿ, ನಿದ್ದೆ ಕೆಡಿಸಿದ್ದೂ ಆ ಕಿವಿ. ಮಿಡಿಗೇಶಿ ಕಡೆಯ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಮಂದೆಯಲ್ಲಿ ಯಾವ ಕುರಿ ಕೆಮ್ಮಿತೆಂದು ತಿರುಗಿ ನೋಡದೆ ಹೇಳುತ್ತಿದ್ದನಂತೆ. ಅಪ್ಪ ಸತ್ತು, ಮಂದೆ ಅಣ್ಣತಮ್ಮಂದಿರಲ್ಲಿ ಹಂಚಿಹೋದ ಮೇಲೆ ಶಿರಾದ ಒಂದು ಐಸ್ ಫ್ಯಾಕ್ಟರಿಗೆ ಕೂಲಿಗೆ ಸೇರಿದ. ಅಲ್ಲಿನ ಮೆಕ್ಯಾನಿಕ್ ಖಾದರ್ ಸಾಬರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರು ಇವನನ್ನು ಕಂಪ್ರೆಸರ್ ಪಕ್ಕ ಕೂರಿಸಿಕೊಂಡು, "ಕಣ್ಣು ಮುಚ್ಕೊಂಡು ಕೇಳೋ ಬೇಟಾ. ಮಷೀನು ಸುಮ್‌ಸುಮ್ನೆ ಬಡ್ಕಳಲ್ಲ, ಏನೋ ಹೇಳ್ತಾ ಇರ್ತದೆ" ಎಂದು ಪಾಠ ಶುರುಮಾಡಿದರು. ಬೆಲ್ಟು ಸಡಿಲವಾದರೆ ಯಾವ ಸದ್ದು, ಎಣ್ಣೆ ಕಡಿಮೆಯಾದರೆ ಯಾವ ಸದ್ದು, ಎಲ್ಲವನ್ನೂ ಓಬಳಪ್ಪ ಕಿವಿಯಿಂದಲೇ ಕಲಿತ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮಧುಗಿರಿಯ ಹೊರಗೆ, ಪಾವಗಡದ ರಸ್ತೆಯಲ್ಲಿ, ಒಬ್ಬ ಸಾಹುಕಾರರು ರೇಷ್ಮೆಮೊಟ್ಟೆ ಕೇಂದ್ರ ತೆರೆದರು. ಓಬಳಪ್ಪ ಅಲ್ಲಿಗೆ ಮೆಕ್ಯಾನಿಕ್ ಆಗಿ ಬಂದ. ಜನ ಅದನ್ನು ಐಸ್ ಮನೆ ಎಂದರು, ಅಲ್ಲಿ ಐಸು ಮಾರುತ್ತಾರೆಂದುಕೊಂಡು ಬೇಸಿಗೆಯಲ್ಲಿ ಟವಲ್ ಹಿಡಿದು ಬಂದವರೂ ಇದ್ದರು. ಒಳಗಿದ್ದದ್ದು ಮಾತ್ರ ಸಾಸಿವೆಗಿಂತ ಸಣ್ಣ ಮೊಟ್ಟೆಗಳು. ರೈತರಿಗೆ ಹಿಪ್ಪುನೇರಳೆ ಸೊಪ್ಪು ಕೈಗೆ ಬರುವವರೆಗೆ ಆ ಮೊಟ್ಟೆಗಳನ್ನು ಚಳಿಯಲ್ಲಿ ಮಲಗಿಸಿಡಬೇಕು. ಹಾಗಂತ ಬಿಸಿಲಿನಿಂದ ತಂದು ಒಮ್ಮೆಗೇ ಚಳಿಗೆ ನೂಕಿದರೆ ಸಾಯುತ್ತವೆ. ಆದ್ದರಿಂದ ಸಾಲಾಗಿ ನಾಲ್ಕು ಕೋಣೆ. ಮೊದಲನೆಯದು ಹೀಟರು, ನೀರಿನ ತಟ್ಟೆಗಳು ಇರುವ ಬೆಚ್ಚನೆಯದು. ಎರಡನೆಯದು ತಂಪು, ಮೂರನೆಯದು ಚಳಿ, ಕೊನೆಯದು ಹಲ್ಲು ಕಟಕಟ ಎನ್ನುವಂಥದ್ದು. ಮೊಟ್ಟೆಗಳು ಒಂದೊಂದೇ ಕೋಣೆ ದಾಟಿ ಒಳಗೆ ಹೋಗಬೇಕು, ಹಾಗೇ ಒಂದೊಂದೇ ದಾಟಿ ಹೊರಗೆ ಬರಬೇಕು. ಚಳಿ ಹುಟ್ಟಿಸುವ ಒಂದೇ ಅಮೋನಿಯಾ ಮಷೀನು ಮೂರು ಕೋಣೆಗೆ ಮೂರು ಬಗೆಯ ಚಳಿ ಹಂಚಬೇಕು. ಒಂದು ಕೋಣೆಯ ವಾಲ್ವು ತುಸು ಹೆಚ್ಚು ತಿರುಗಿದರೆ ಪಕ್ಕದ ಕೋಣೆ ಕೆಡುತ್ತಿತ್ತು. ಈ ಅತ್ತೆಸೊಸೆಯರ ನಡುವೆ ರಾಜಿ ಮಾಡಿಸುವುದೇ ಓಬಳಪ್ಪನ ಕೆಲಸವಾಗಿತ್ತು.

ಅವನ ಜೊತೆ ಕೆಲಸ ಮಾಡುತ್ತಿದ್ದವನು ಚಿಕ್ಕಹನುಮಯ್ಯ. ಐ.ಡಿ.ಹಳ್ಳಿಯವನು, ಊರಾಚೆಯ ಕೇರಿಯವನು. ಎತ್ತರದ ಆಳು, ಬಾಯಿ ತುಂಬ ನಗು. ಪೈಪಿನ ಮೇಲೆ ಕಟ್ಟಿದ ಮಂಜನ್ನು ಮರದ ಸುತ್ತಿಗೆಯಿಂದ ನಾಜೂಕಾಗಿ ಉದುರಿಸುವುದರಲ್ಲಿ ಅವನ ಕೈಗೆ ಸಮ ಇರಲಿಲ್ಲ. ಇಬ್ಬರೂ ಒಂದೇ ಬೀಡಿ ಹಂಚಿಕೊಂಡು ಸೇದುವಷ್ಟು ಹತ್ತಿರವಾದರು. ಓಬಳಪ್ಪನಿಗೆ ಅವನೆಂದರೆ ಪ್ರಾಣ, ಈ ಮಾತನ್ನು ಸುತ್ತಿಬಳಸಿ ಹೇಳಬೇಕಾಗಿಲ್ಲ.

ಆ ಕೋಣೆಗಳ ಬಾಗಿಲು ಗೇಣು ದಪ್ಪ, ನಡುವೆ ಕಾರ್ಕು ತುಂಬಿದ್ದು. ಒಳಗೆ ಎಷ್ಟು ಕೂಗಿದರೂ ಹೊರಗೆ ಕೇಳದು. ಹೊರಗಿನಿಂದ ಚಿಲಕ. ಕೊನೆಯ ಕೋಣೆಯ ಬಾಗಿಲನ್ನು ಒಳಗಿನಿಂದ ತೆಗೆಯುವ ಹಿಡಿ ಮುರಿದು ಬಹಳ ಕಾಲವಾಗಿತ್ತು. ಹಾಕಿಸಿಕೊಡಿ ಎಂದು ಕೇಳಿದಾಗಲೆಲ್ಲ ಮ್ಯಾನೇಜರು ಆಗಲಿ ನೋಡೋಣ ಎನ್ನುತ್ತಿದ್ದರು. ಆಗಲಿ ನೋಡೋಣ ಎನ್ನುವವರು ಯಾವತ್ತೂ ಆ ಕೋಣೆಯೊಳಗೆ ಹೋಗುವುದಿಲ್ಲ, ಅದೇ ಅವರಿಗೆ ಅನುಕೂಲ.

ಹಾಗಾಗಿ ಇಬ್ಬರೂ ತಮಗೆ ತಾವೇ ಒಂದು ಕಟ್ಟಲೆ ಮಾಡಿಕೊಂಡರು. ಬಾಗಿಲ ಪಕ್ಕದ ಗೋಡೆಗೆ ಒಂದು ಮೊಳೆ, ಮೊಳೆಯ ಮೇಲೆ ಒಂದು ಕರಿಕಂಬಳಿ. ಒಳಗೆ ಹೋಗುವವನು ಅದನ್ನು ಹೊದ್ದುಕೊಂಡು ಹೋಗಬೇಕು, ಬಂದವನು ಅಲ್ಲೇ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಒಳಗೆ ಆಳು ಇದ್ದಾನೆ, ಬಾಗಿಲು ಮುಟ್ಟಕೂಡದು. ಕಂಬಳಿ ಇದ್ದರೆ ಕೋಣೆ ಖಾಲಿ, ಬಾಗಿಲು ಓರೆಯಾಗಿದ್ದರೆ ಚಿಲಕ ಹಾಕಬೇಕು, ಇಲ್ಲದಿದ್ದರೆ ಚಳಿ ಸೋರಿಹೋಗುತ್ತದೆ. ಈ ಕಟ್ಟಲೆ ಅವರಿಬ್ಬರ ಕಣ್ಣಿಗೆ ಎಷ್ಟು ರೂಢಿಯಾಯಿತೆಂದರೆ, ಕೋಣೆಗಳ ಮುಂದಿನ ಓಣಿಯಲ್ಲಿ ನಡೆಯುವಾಗ ಮೊಳೆಯನ್ನು ನೋಡಿದ್ದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. ಓಬಳಪ್ಪ ಈ ಉಪಾಯವನ್ನು ಮನೆಯಲ್ಲಿ ಹೆಂಡತಿ ಗೌರಕ್ಕನಿಗೆ ಹೆಮ್ಮೆಯಿಂದ ಹೇಳಿಕೊಂಡಿದ್ದ.

ಹೇಳಿದ್ದೇ ತಪ್ಪಾಯಿತು. ಗೌರಕ್ಕ ಅವನ ಸೋದರಮಾವನ ಮಗಳು, ಒಳ್ಳೆಯವಳು, ಹಸಿದು ಬಂದವರನ್ನು ಹಾಗೇ ಕಳಿಸಿದವಳಲ್ಲ. ಆದರೂ ಹೊಟ್ಟೆಯೊಳಗೆ ಊರು ಕೂತಿರುತ್ತದಲ್ಲ. ಆ ಕೇರಿಯವನ ಮೈಮೇಲಿನ ಕಂಬಳಿ ತನ್ನ ಗಂಡನ ಮೈಮೇಲೆ ಬೀಳುತ್ತದೆ ಎನ್ನುವುದು ಅವಳಿಗೆ ಮುಳ್ಳಿನ ಹಾಗೆ ಚುಚ್ಚಿತು. ಬಾಯಿಬಿಟ್ಟು ಹಾಗೆ ಹೇಳಲು ನಾಚಿಕೆ. ತವರಿಗೆ ಹೋಗಿ ಬರುವಾಗ ಅಪ್ಪ ನೇಯ್ದ, ಅಂಚಿಗೆ ಕೆಂಪು ದಾರ ಹಾಕಿದ ಹೊಸ ಕಂಬಳಿಯನ್ನು ತಂದಳು.

"ಒಂದೇ ಕಂಬ್ಳಿ ಇಬ್ರಿಗೂ ಎಂಗೆ ಸಾಲ್ತದೆ ಮಾವ? ಚಳಿ ಕಣಪ್ಪ. ಇದು ನಿಂಗೇ ಇರ್ಲಿ" ಎಂದಳು.

ಓಬಳಪ್ಪನಿಗೆ ಅರ್ಥವಾಯಿತು. ಅರ್ಥವಾಗಲಿಲ್ಲವೆಂಬಂತೆ ಕಂಬಳಿ ತೆಗೆದುಕೊಂಡು ಹೋದ. ಅದೇ ಮೊಳೆಗೆ, ಹಳೆಯದರ ಪಕ್ಕ ತೂಗುಹಾಕಿದ. ಚಿಕ್ಕಹನುಮಯ್ಯ ನೋಡಿದ. ಅಂಚಿನ ಕೆಂಪು ದಾರವನ್ನು ಬೆರಳಲ್ಲಿ ಮುಟ್ಟಿ, "ಚೆಂದಾಗೈತೆ ಕಣಣ್ಣ, ಅತ್ಗೆ ಕಳ್ಸವ್ರಾ?" ಎಂದ. ಅವನಿಗೂ ಅರ್ಥವಾಗಿತ್ತು. ಅಂದಿನಿಂದ ಅವನು ಹಳೆಯದನ್ನೇ ಹೊದ್ದ, ಹೊಸದನ್ನು ಮುಟ್ಟಲಿಲ್ಲ. ಇನ್ನೊಂದು ಮೊಳೆ ಹೊಡೆಯಬೇಕು ಎಂದು ಇಬ್ಬರೂ ಅಂದುಕೊಂಡರು. ಸಿಮೆಂಟಿನ ಗೋಡೆ, ಎರಡು ಸಲ ಮೊಳೆ ಬಾಗಿತು, ಮತ್ತೆ ಯಾರೂ ಆ ಗೋಜಿಗೆ ಹೋಗಲಿಲ್ಲ. ಬೀಡಿ ಹಂಚಿಕೊಳ್ಳುವುದು ಮಾತ್ರ ಮುಂದುವರಿಯಿತು.

ಅದು ಎಂಬತ್ತೊಂದರ ಬೇಸಿಗೆ, ಮಧ್ಯಾಹ್ನದ ಹೊತ್ತು. ಕೊನೆಯ ಕೋಣೆಯ ಬಲ್ಬು ಸುಟ್ಟಿತ್ತು, ಟಾರ್ಚು ಹಿಡಿದೇ ಒಳಗೆ ಹೋಗುತ್ತಿದ್ದರು. ಊಟ ಮುಗಿಸಿ ಬಂದ ಓಬಳಪ್ಪ ಓಣಿಯಲ್ಲಿ ಹಾದುಹೋದ. ಕೊನೆಯ ಬಾಗಿಲು ಓರೆಯಾಗಿತ್ತು. ಮೊಳೆಯ ಮೇಲೆ ಕಂಬಳಿ ಇತ್ತು. ಯಾವ ಕಂಬಳಿ ಎಂದು ಕಣ್ಣು ಕೇಳಲಿಲ್ಲ. ಬಾಗಿಲು ದೂಡಿ ಚಿಲಕ ಹಾಕಿ ಮಷೀನ್ ರೂಮಿಗೆ ಹೋದ.

ತುಸು ಹೊತ್ತಿಗೆ ಸದ್ದು ಶುರುವಾಯಿತು. ಟಕ್. ಟಕ್. ಟಕ್. ಕೋಣೆಯಿಂದ ಬರುವ ಕಬ್ಬಿಣದ ಪೈಪಿನಲ್ಲಿ. ಓಬಳಪ್ಪ ಕಣ್ಣು ಮುಚ್ಚಿ ಕೇಳಿದ. ಈ ಸದ್ದು ಅವನಿಗೆ ಗೊತ್ತಿತ್ತು. ಕೋಣೆಗೆ ಅಮೋನಿಯಾ ಹೆಚ್ಚು ಹರಿದರೆ ಅದು ಆವಿಯಾಗದೆ ದ್ರವವಾಗಿಯೇ ಹಿಂದಕ್ಕೆ ಬರುತ್ತದೆ, ಆಗ ಮಷೀನು ಕುಟ್ಟಿಕೊಳ್ಳುತ್ತದೆ. ಈ ಸದ್ದು ಅದಕ್ಕಿಂತ ಸ್ವಲ್ಪ ಬೇರೆ ಎಂದು ಒಂದು ಕ್ಷಣ ಅನ್ನಿಸಿತು. ಎದ್ದು ಬಾಗಿಲಿಂದ ಇಣುಕಿದ. ಕಂಬಳಿ ಅಲ್ಲೇ ಇತ್ತು. ಒಳಗೆ ಬಂದು ವಾಲ್ವನ್ನು ಬಿಗಿ ಮಾಡಿದ. ಮತ್ತೆ ಟಕ್ ಟಕ್. ಇನ್ನೊಂದಿಷ್ಟು ಬಿಗಿ ಮಾಡಿದ. ಸದ್ದು ನಿಧಾನವಾಯಿತು, ಆಮೇಲೆ ನಿಂತಿತು. ಸರಿಹೋಯಿತು ಎಂದು ಬೀಡಿ ಹಚ್ಚಿದ.

ಅರ್ಧ ಬೀಡಿ ಚಿಕ್ಕಹನುಮಯ್ಯನಿಗೆಂದು ಉಳಿಸಿಕೊಂಡು ಓಣಿಗೆ ಬಂದಾಗ ಬಾಗಿಲ ಸಂದಿಯಿಂದ ಉಸಿರು ಕಟ್ಟಿಸುವ ಅಮೋನಿಯಾದ ಘಾಟು ಬರುತ್ತಿತ್ತು.

ಒಳಗಿನ ಒಂದು ಜಾಯಿಂಟು ಬಿಟ್ಟುಕೊಂಡಿತ್ತು. ಅದನ್ನು ಬಿಗಿ ಮಾಡುತ್ತಿದ್ದ ಚಿಕ್ಕಹನುಮಯ್ಯ ಬಾಗಿಲ ಹತ್ತಿರ, ಪೈಪಿನ ಕೆಳಗೆ ಬಿದ್ದಿದ್ದ. ಮೈಮೇಲೆ ಹಳೆಯ ಕಂಬಳಿ, ಕೈಯಲ್ಲಿ ಸ್ಪ್ಯಾನರು. ಓಬಳಪ್ಪ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಎಳೆದು ತಂದ, ಹೆಸರು ಹಿಡಿದು ಕೂಗಿದ, ಎದೆ ತಿಕ್ಕಿದ. ಜೀವ ಆಗಲೇ ಹೋಗಿತ್ತು, ಆಸ್ಪತ್ರೆಯವರೆಗೂ ಹೋಗಬೇಕಾಗಲಿಲ್ಲ.

ಪೊಲೀಸರು ಬಂದರು. ಬಾಗಿಲು ತಾನೇ ಮುಚ್ಚಿಕೊಂಡು ಚಿಲಕ ಬಿದ್ದಿರಬೇಕು ಎಂದು ಮ್ಯಾನೇಜರು ಹೇಳಿದರು. ಓಬಳಪ್ಪ ಹೂಂ ಎಂದ. ಸದ್ದಿನ ಮಾತು ಯಾರೂ ಎತ್ತಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಸ್ಟೋರ್ ಕೀಪರ್ ಶಂಕರಲಿಂಗಪ್ಪ ಅಚ್ಚುಕಟ್ಟಿನ ಮನುಷ್ಯ, ಮೊಳೆಯ ಮೇಲಿದ್ದ ಹೊಸ ಕಂಬಳಿಯನ್ನು ಮಡಚಿ ಸ್ಟೋರಿನಲ್ಲಿಟ್ಟರು. ಹಳೆಯದನ್ನು ಹೆಣದ ಜೊತೆಯಲ್ಲೇ ಮಣ್ಣು ಮಾಡಿದರು. ಬಾಗಿಲಿಗೆ ಒಳಗಿನ ಹಿಡಿ ಮಾರನೆಯ ವಾರವೇ ಬಂತು. ನೋಡಿ, ಎಷ್ಟು ಬೇಗ ಬಂತು.

ಕಂಬಳಿ ಎಲ್ಲಿ ಎಂದು ಗೌರಕ್ಕ ಕೇಳಿದಾಗ ಪೊಲೀಸರು ತೆಗೆದುಕೊಂಡು ಹೋದರೆಂದ. ಇದೊಂದು ಸುಳ್ಳನ್ನು ಓಬಳಪ್ಪ ತನ್ನ ಪುಣ್ಯಕಾರ್ಯವೆಂದೇ ತಿಳಿದಿದ್ದ. ತಾನು ತಂದ ಕಂಬಳಿಯಿಂದ ಒಂದು ಜೀವ ಹೋಯಿತೆಂದು ಗೊತ್ತಾದರೆ ಅವಳು ಬದುಕಿಯಾಳೆ? ಅವಳಿಗಾಗಿ ತಾನು ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ದಿನವೂ ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡಾಗ ಪೈಪಿನ ಸದ್ದಿನ ವಿಷಯ ಅದರ ಮರೆಯಲ್ಲಿ ಅಡಗಿ ಕೂರುತ್ತಿತ್ತು.

ಅಡಗಿ ಕೂರುವ ಸದ್ದು ಅದಾಗಿರಲಿಲ್ಲ. ಹಗಲು ಹೊತ್ತಿನಲ್ಲೇ, ಮಷೀನು ನೆಟ್ಟಗೆ ಓಡುತ್ತಿರುವಾಗಲೇ, ಪೈಪಿನೊಳಗಿಂದ ಟಕ್ ಎನ್ನುತ್ತಿತ್ತು. ಓಬಳಪ್ಪ ಕೈಯಲ್ಲಿದ್ದದ್ದನ್ನು ಬಿಸಾಡಿ ಓಣಿಗೆ ಓಡುತ್ತಿದ್ದ, ಕೊನೆಯ ಬಾಗಿಲನ್ನು ತೆಗೆದು ಒಳಗೆ ಮೂಲೆಮೂಲೆ ನೋಡುತ್ತಿದ್ದ. ಮೊಟ್ಟೆಯ ಹಲಗೆಗಳು, ಮಂಜು ಕಟ್ಟಿದ ಪೈಪು, ಅಷ್ಟೇ. ಚಳಿಯ ಹೊಗೆ ಅವನ ಕಾಲ ಸುತ್ತ ಹೊರಕ್ಕೆ ಹರಿಯುತ್ತಿತ್ತು. ಬಾಗಿಲು ಹಾಕಲು ಕೈ ಬರುತ್ತಿರಲಿಲ್ಲ. ಕೋಣೆಯ ಚಳಿ ಏರುಪೇರಾಗುತ್ತದೆಂದು ಮ್ಯಾನೇಜರು ಬೈದರು, ಕೆಲಸದಿಂದ ತೆಗೆಯುತ್ತೇನೆಂದು ಹೆದರಿಸಿದರು. ಜೊತೆಯವರು ಬಾಗಿಲಪ್ಪ ಎಂದು ಹೆಸರಿಟ್ಟರು. ಅವನು ನಗುತ್ತಿದ್ದ, ಮತ್ತೆ ಟಕ್ ಎಂದರೆ ಮತ್ತೆ ಓಡುತ್ತಿದ್ದ. ಮಿಡಿಗೇಶಿ ಬಸ್ಸಿನಲ್ಲಿ ಕಂಡಕ್ಟರು ತಗಡು ಬಡಿದರೂ ಅವನ ಮೈ ಬೆವರುತ್ತಿತ್ತು. ಮನೆಯಲ್ಲಿ ಅವನಿದ್ದಾಗ ಗೌರಕ್ಕ ಒರಳಿನಲ್ಲಿ ಖಾರ ಕುಟ್ಟುವುದನ್ನೇ ಬಿಟ್ಟಳು. ಸ್ನೇಹಿತನ ಸಾವಿನ ಅಂಜಿಕೆ ಇನ್ನೂ ಹೋಗಿಲ್ಲ ಎಂದುಕೊಂಡು ಯಾಕೆಂದು ಕೇಳಲಿಲ್ಲ.

ಚಿಕ್ಕಹನುಮಯ್ಯನ ಹೆಂಡತಿ ಪೆದ್ದಮ್ಮ ಪಾವಗಡದ ಕಡೆಯವಳು, ತೆಲುಗು ಬೆರೆತ ಮಾತು, ಅತ್ತಿಗೆ ಎನ್ನುವ ಕಡೆ ವದಿನಾ ಎನ್ನುವವಳು. ಅವಳಿಗೆ ಅದೇ ಕೇಂದ್ರದಲ್ಲಿ, ರೇಷ್ಮೆ ಚಿಟ್ಟೆಗಳ ಕೋಣೆಯಲ್ಲಿ ಕೆಲಸ ಕೊಟ್ಟರು. ಚಿಟ್ಟೆಯನ್ನು ಕಾಗದದ ಮೇಲೆ ಬಿಟ್ಟು ಮೇಲೊಂದು ಬಟ್ಟಲು ಮುಚ್ಚುವುದು, ಅದು ಕತ್ತಲಲ್ಲಿ ಮೊಟ್ಟೆ ಇಡುವುದನ್ನು ಕಾಯುವುದು. ಆ ಕೋಣೆಯ ಕಿಟಕಿಯಿಂದ ಓಣಿ ಕಾಣುತ್ತಿತ್ತು. ಓಬಳಪ್ಪ ಓಡುವುದನ್ನು, ಬಾಗಿಲು ತೆಗೆಯುವುದನ್ನು ಅವಳು ಬಟ್ಟಲು ಮುಚ್ಚುತ್ತಲೇ ನೋಡುತ್ತಿದ್ದಳು. ಬೇರೆಯವರು ನಕ್ಕಾಗ ಅವಳು ನಗುತ್ತಿರಲಿಲ್ಲ.

ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಪೆದ್ದಮ್ಮ ಕರೆಯುತ್ತಿದ್ದಳು. ಪ್ರತಿ ವರ್ಷ ಓಬಳಪ್ಪನಿಗೆ ಅವತ್ತೇ ಶಿರಾಕ್ಕೆ ಹೋಗಿ ಸಾಮಾನು ತರುವ ಕೆಲಸ ಬೀಳುತ್ತಿತ್ತು. ಎಂಬತ್ತೈದರಲ್ಲಿ ಅವಳು ನೇರವಾಗಿ ಗೌರಕ್ಕನ ಹತ್ತಿರ ಬಂದಳು.

"ಈ ಸಲ ಎಡೆ ಬಾಗ್ಲು ತೆಗೆಯಾಕೆ ಮನ್ಯಾಗೆ ಗಂಡುದಿಕ್ಕಿಲ್ಲ ವದಿನಾ. ನಮ್ ಭಾವ ಬ್ಯಾಸ್ಗೇಲಿ ಹೋಗ್ಬುಟ್ರು. ಅಣ್ಣಾನೇ ಬಂದು ತೆಗೀಬೇಕು."

ಗೌರಕ್ಕ ಆಗಲೆಂದಳು. ಇಷ್ಟು ವರ್ಷದಲ್ಲಿ ಅವಳೂ ಸ್ವಲ್ಪ ಬದಲಾಗಿದ್ದಳು, ಆ ಕೇರಿಗೆ ಹೋಗುವುದು ಅವಳಿಗೆ ಈಗ ಅಷ್ಟು ಕಷ್ಟವಾಗಿರಲಿಲ್ಲ. ಓಬಳಪ್ಪನಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಐ.ಡಿ.ಹಳ್ಳಿಯಲ್ಲಿ ಬಸ್ಸಿಳಿದು ಕೇರಿಗೆ ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು. ನಡುಮನೆಯಲ್ಲಿ ಎಡೆ ಸಿದ್ಧವಾಗಿತ್ತು. ಅನ್ನ, ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ, ಕಾಳು ಹರಡಿದ ಹಿತ್ತಾಳೆ ತಟ್ಟೆ. ಇವೆಲ್ಲದರ ಹಿಂದೆ ಗೋಡೆಗೆ ಆನಿಸಿ ಗದ್ದುಗೆಯ ಹಾಗೆ ಮಡಚಿಟ್ಟ ಒಂದು ಕರಿಕಂಬಳಿ. ಅಂಚಿಗೆ ಕೆಂಪು ದಾರ.

ಓಬಳಪ್ಪನ ಕಾಲು ಹೊಸ್ತಿಲಲ್ಲೇ ನಿಂತಿತು. ಗೌರಕ್ಕ ಒಳಗೆ ಹೋಗಿ ಬಗ್ಗಿ ನೋಡಿದಳು.

"ಇದು ನಮ್ಮಪ್ಪ ನೇಯ್ದಿದ್ದು ಕಣಮ್ಮ. ನಿಂಗೆಲ್ಲಿ ಸಿಕ್ತು? ಪೊಲೀಸ್ನೋರು ಒಯ್ದ್ರು ಅಂದಿದ್ನಲ್ಲ ನಮ್ಮಾವ?"

"ಒಯ್ದಿಲ್ಲ ವದಿನಾ, ಸ್ಟೋರ್‌ನಾಗೆ ಇತ್ತು. ಆತನ ಕಂಬ್ಳಿ ಯಾವ್ದಾನಾ ಇದ್ರೆ ಕೊಡ್ರಿ, ಎಡೆಗೆ ಇಕ್ತೀನಿ ಅಂದೆ. ಆತ ಹೊದ್ಕಂಡಿದ್ದು ಮಣ್ಣಿಗೋಯ್ತು, ಇದು ಅವತ್ತು ಮೊಳೆ ಮ್ಯಾಲಿತ್ತು ಅಂತ ಶಂಕರಲಿಂಗಪ್ನೋರು ಕೊಟ್ರು. ನಿಮ್ದು ಅಂತ ಗೊತ್ತಿರ್ಲಿಲ್ಲ."

ಮೊಳೆಯ ಕಟ್ಟಲೆ ಗೌರಕ್ಕನಿಗೆ ಗೊತ್ತಿತ್ತಲ್ಲ. ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಪೆದ್ದಮ್ಮ ದೀಪ ಹಚ್ಚಿ, ಹೋದವರು ಬಂದು ಉಣ್ಣಲಿ ಎಂದು ನಡುಮನೆಯ ಬಾಗಿಲು ಮುಚ್ಚಿ, ಹೊರಗಿನಿಂದ ಚಿಲಕ ಹಾಕಿದಳು. ಸ್ವಲ್ಪ ಹೊತ್ತು ಬಿಟ್ಟು ಗಂಡಸೊಬ್ಬ ಕೆಮ್ಮಿ ಸೂಚನೆ ಕೊಟ್ಟು ಬಾಗಿಲು ತೆಗೆಯಬೇಕು. ಅದಕ್ಕೆ ಮುಂಚೆ ತೆಗೆಯಬಾರದು, ತೆಗೆದರೆ ಹೋದವರು ಅರೆಹೊಟ್ಟೆಯಲ್ಲಿ ಎದ್ದುಹೋಗುತ್ತಾರೆ. ಮೂವರೂ ಆ ಬಾಗಿಲ ಮುಂದೆ ಕಾದರು.

"ಮಾವ," ಎಂದಳು ಗೌರಕ್ಕ, ತುಂಬ ಸಣ್ಣ ದನಿಯಲ್ಲಿ. "ಮೊಳೆ ಮ್ಯಾಲೆ ನನ್ ಕಂಬ್ಳಿ ಇತ್ತು. ಅದ್ಕೇ ಒಳಗೆ ಯಾರೂ ಇಲ್ಲ ಅಂತ ನೀನು ಅಂದ್ಕಂಡೆ. ಅಲ್ವಾ?"

ಉತ್ತರಕ್ಕೆ ಕಾಯದೆ ಅವಳು ಪೆದ್ದಮ್ಮನ ಕಡೆ ತಿರುಗಿದಳು.

"ಅದು ಚಳಿಗೆ ತಂದಿದ್ದಲ್ಲ ಪೆದ್ದಮ್ಮ. ನಿನ್ ಗಂಡ ಹೊದ್ದಿದ್ದು ಇವ್ನ ಮೈ ಮುಟ್ಟಬಾರ್ದು ಅಂತ ತಂದಿದ್ದು. ನಾನೇ ಕೊಂದ್ಬುಟ್ಟೆ ಕಣಮ್ಮ. ನನ್ ಕೈಯಾರೆ ಕೊಂದ್ಬುಟ್ಟೆ." ಅವಳು ಹಣೆಯನ್ನು ಜಗಲಿಯ ಕಂಬಕ್ಕೆ ಒತ್ತಿಕೊಂಡಳು.

ಓಬಳಪ್ಪ ಆಗ ಮಾತಾಡಬಹುದಿತ್ತು. ಕಂಬಳಿ ಸುಮ್ಮನಿತ್ತು, ಪೈಪು ಸುಮ್ಮನಿರಲಿಲ್ಲ ಎನ್ನಬಹುದಿತ್ತು. ಅಷ್ಟು ಹೇಳಿದ್ದರೆ ಹೆಂಡತಿಯ ಎದೆಯ ಮೇಲಿನ ಭಾರ ಇಳಿಯುತ್ತಿತ್ತು. ಇಷ್ಟು ವರ್ಷ ಅವಳನ್ನು ಕಾಪಾಡಿದೆನೆಂದುಕೊಂಡವನು, ಕಾಪಾಡಬೇಕಾದ ಹೊತ್ತಿಗೆ ಅವಳೇ ಹೊತ್ತುಕೊಳ್ಳಲಿ ಎಂದು ಬಿಟ್ಟುಬಿಟ್ಟ. ಅಂಥ ಒಳ್ಳೆಯ ಮನುಷ್ಯನಿಗೂ ಅಂಥ ಗಳಿಗೆ ಬಂತು, ಏನು ಹೇಳುವುದು.

ಆಗ ಮುಚ್ಚಿದ ಬಾಗಿಲ ಒಳಗಿಂದ ಸದ್ದು ಬಂತು.

ಟಕ್.

ಗೌರಕ್ಕ ಕಂಬ ಬಿಟ್ಟು ಬಾಗಿಲ ಕಡೆ ತಿರುಗಿದಳು. ಪೆದ್ದಮ್ಮ ತಲೆ ಎತ್ತಿದಳು. ಓಬಳಪ್ಪನಿಗೆ ಇದು ತನ್ನ ಕಿವಿಯೊಳಗಿನದೇ ಎಂದು ಮೊದಲು ಅನ್ನಿಸಿತು. ಆದರೆ ಇಬ್ಬರು ಹೆಂಗಸರ ಮುಖ ನೋಡಿದರೆ ಅವರಿಗೂ ಕೇಳಿತ್ತು.

ಟಕ್. ಟಕ್. ಲೋಹದ ಮೇಲೆ, ಒಂದೇ ಸಮನೆ.

"ಇನ್ನೂ ಹೊತ್ತಾಗಿಲ್ಲ ಅಣ್ಣಾ, ತೆಗೀಬ್ಯಾಡ" ಎಂದಳು ಪೆದ್ದಮ್ಮ.

ಅವನಿಗೆ ಕೇಳಲಿಲ್ಲ. ಬಾಗಿಲ ಮೇಲೆ ಬಿದ್ದ. ಚಿಲಕ ಎಳೆಯಲು ಹೋಗಿ ಕೈ ತಪ್ಪಿತು. "ಹನುಮಾ! ತೆಗೀತೀನಿ ಕಣ್ಲಾ, ತೆಗೀತೀನಿ, ತಡಿ, ಕುಟ್ಟು, ಕುಟ್ತಾ ಇರು ಕಣ್ಲಾ!" ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದ. ಚಿಲಕ ಬಿಟ್ಟುಕೊಂಡಿತು. ಹೆಗಲು ಕೊಟ್ಟು ನೂಕಿದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು, ಅವನು ಎಡೆಯ ಮುಂದೆ ಮೊಣಕಾಲೂರಿ ಬಿದ್ದ.

ಹಿತ್ತಾಳೆ ತಟ್ಟೆಯ ಕಾಳನ್ನು ಕುಕ್ಕುತ್ತಿದ್ದ ಹ್ಯಾಟೆ ಕೋಳಿಯೊಂದು ಗಾಬರಿಯಿಂದ ರೆಕ್ಕೆ ಬಡಿದು ಅವನ ಪಕ್ಕದಿಂದ ಹೊರಗೆ ಓಡಿತು. ಬಾಗಿಲು ಮುಚ್ಚುವಾಗ ಒಳಗೇ ಉಳಿದುಕೊಂಡಿತ್ತು.

ಓಬಳಪ್ಪ ಏಳಲಿಲ್ಲ. ಆ ಮೂಲೆ ಈ ಮೂಲೆ ನೋಡುತ್ತಿದ್ದ, ಕೊನೆಯ ಕೋಣೆಯಲ್ಲಿ ನೋಡುತ್ತಿದ್ದ ಹಾಗೆಯೇ.

ಗೌರಕ್ಕ ಬಾಗಿಲಲ್ಲಿ ಬಂದು ನಿಂತಳು. "ಕುಟ್ತಾ ಇರು ಅಂದ್ಯಾ ಮಾವ?" ಎಂದಳು.

ಪೆದ್ದಮ್ಮ ಒಳಗೆ ಬಂದು, ಚೆಲ್ಲಿದ ಕಾಳನ್ನು ಕೈಯಿಂದ ಬಳಿದು ತಟ್ಟೆಗೆ ಹಾಕಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಓಬಳಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಕಂಬ್ಳಿಗೇನು ಕಿವಿ ಐತಾ ವದಿನಾ, ನೀನ್ಯಾಕೆ ಅಳ್ತೀಯ" ಎಂದಳು. ಆಮೇಲೆ ಅವನ ಕಡೆ ನೋಡಿ, ಮನೆಯ ಮಾತು ಆಡುವಷ್ಟು ಮೆಲ್ಲಗೆ, "ಅವತ್ತೂ ಇಂಗೇ ತೆಗ್ದಿದ್ರೆ ಆಯ್ತಿತ್ತಲ್ಲ ಅಣ್ಣಾ" ಎಂದಳು.